ಹತ್ತೊಂಬತ್ತು ದಿನ ಬೀದಿಯಲ್ಲಿ, ಎರಡು ವರ್ಷ ಸಂಸತ್ತಿನಲ್ಲಿ

2008ರ ಮೇ 28ರಂದು ಕಠ್ಮಂಡುವಿನಲ್ಲಿ ನೇಪಾಳದ ಸಂವಿಧಾನ ಸಭೆ ಮೊದಲ ಸಲ ಸೇರಿತು. ಬೆಳಿಗ್ಗೆ ಶುರುವಾಗಬೇಕಿದ್ದ ಸಭೆ ಪಕ್ಷಗಳ ಚೌಕಾಸಿಯಲ್ಲಿ ಎಳೆದೆಳೆದು ರಾತ್ರಿಗೆ ಬಂತು. ಹೊರಗೆ ಜನ ಊಟ, ಮನೆ ಬಿಟ್ಟು ಕಾಯುತ್ತಿದ್ದರು. ಮಧ್ಯರಾತ್ರಿಯ ಹೊತ್ತಿಗೆ ಮತ ಎಣಿಸಿದಾಗ ಅರಸೊತ್ತಿಗೆ ರದ್ದಾಗಲಿ ಎಂದವರು 560 ಮಂದಿ, ಬೇಡವೆಂದವರು 4 ಮಂದಿ. ಪೃಥ್ವಿನಾರಾಯಣ ಶಾಹ ಗೋರ್ಖಾದ ಬೆಟ್ಟದಿಂದ ಇಳಿದು ಬಂದು ಕಠ್ಮಂಡು ಕಣಿವೆಯನ್ನು ಗೆದ್ದು ಆಗಲೇ ಸುಮಾರು 240 ವರ್ಷವಾಗಿತ್ತು. ಆ ವಂಶದ ಕೊನೆಯ ದೊರೆ ಜ್ಞಾನೇಂದ್ರ ಅವರಿಗೆ ಅರಮನೆ ಬಿಡಲು ಸಭೆ 15 ದಿನದ ಗಡುವು ಕೊಟ್ಟಿತು. ಗಡುವು ಮುಗಿಯುವ ಮೊದಲೇ, ಜೂನ್ 11ರಂದು, ಅವರು ಕಿರೀಟ ಮತ್ತು ರಾಜದಂಡವನ್ನು ಸರ್ಕಾರಕ್ಕೆ ಒಪ್ಪಿಸಿ, ಪತ್ರಕರ್ತರ ಮುಂದೆ ನಾಲ್ಕು ಮಾತಾಡಿ, ಕಾರು ಹತ್ತಿ ಹೊರಟುಹೋದರು. ಯಾರೂ ಅರಮನೆಗೆ ನುಗ್ಗಲಿಲ್ಲ, ಯಾರ ತಲೆಯೂ ಉರುಳಲಿಲ್ಲ.

ಶ್ರೀ 5 ಮಹಾರಾಜಾಧಿರಾಜ ಎಂದು ಕರೆಸಿಕೊಂಡ, ವಿಷ್ಣುವಿನ ಅಂಶವೆಂದು ಅನೇಕರು ನಂಬಿದ್ದ, 90 ಸಾವಿರದಷ್ಟು ಸೈನಿಕರಿದ್ದ ಸೇನೆಯನ್ನು ನೇರವಾಗಿ ಕೈಯಲ್ಲಿಟ್ಟುಕೊಂಡಿದ್ದ ದೊರೆಯನ್ನು ಜನ ಇಳಿಸಿದ್ದು ಹೇಗೆ? ಜನ ಸಿಟ್ಟಾದರು, ಬೀದಿಗಿಳಿದರು, ದೊರೆ ಮಣಿದರು ಎಂದು ಮೂರು ಮಾತಿನಲ್ಲಿ ಮುಗಿಸುವವರಿದ್ದಾರೆ. ಸಿಟ್ಟು ಎಲ್ಲ ರಾಜ್ಯಗಳಲ್ಲೂ ಇರುತ್ತದೆ. ಬಹುಪಾಲು ಕಡೆ ಅದು ಲಾಠಿಯೇಟು ತಿಂದು ಮನೆಗೆ ಮರಳುತ್ತದೆ. ನೇಪಾಳದಲ್ಲಿ ಹಾಗಾಗದೆ ಹೋದದ್ದಕ್ಕೆ ದೊಡ್ಡ ಕಾರಣ, ಸಿಂಹಾಸನ ಯಾರ ಯಾರ ಹೆಗಲ ಮೇಲೆ ನಿಂತಿತ್ತೋ ಅವರನ್ನೆಲ್ಲ ಅರಸರೇ ಒಬ್ಬೊಬ್ಬರನ್ನಾಗಿ ದೂರ ಮಾಡಿಕೊಂಡದ್ದು. ಇದನ್ನು ಬಿಡಿಸಿ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನೇಪಾಳದ ಜನ ತಮ್ಮ ರಾಜನನ್ನು ಮೊದಲಿನಿಂದಲೂ ದ್ವೇಷಿಸಿದವರಲ್ಲ. 1846ರಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ನಿಜವಾದ ಅಧಿಕಾರ ರಾಣಾ ಮನೆತನದ ವಂಶಪಾರಂಪರ್ಯ ಪ್ರಧಾನಿಗಳದ್ದಾಗಿತ್ತು. ಶಾಹ ದೊರೆಗಳು ಅರಮನೆಯೊಳಗೆ ಹೆಸರಿಗಷ್ಟೇ ದೊರೆಗಳು. 1950ರ ನವೆಂಬರ್‌ನಲ್ಲಿ ರಾಜ ತ್ರಿಭುವನ್ ಕುಟುಂಬ ಸಮೇತ ಭಾರತದ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಕೇಳಿದರು. ಸಿಟ್ಟಿಗೆದ್ದ ರಾಣಾಗಳು ಅರಮನೆಯಲ್ಲಿ ಉಳಿದಿದ್ದ ಮೂರು ವರ್ಷದ ಮೊಮ್ಮಗನನ್ನೇ ಎತ್ತಿ ಗದ್ದುಗೆಯ ಮೇಲೆ ಕೂರಿಸಿದರು. ಆ ಮಗುವೇ ಜ್ಞಾನೇಂದ್ರ. ನೇಪಾಳಿ ಕಾಂಗ್ರೆಸ್ ಬಂದೂಕು ಹಿಡಿದು ದಂಗೆಯೆದ್ದಿತು, ದೆಹಲಿ ಒತ್ತಡ ಹಾಕಿತು, ರಾಣಾಶಾಹಿ ಕುಸಿಯಿತು, 1951ರ ಫೆಬ್ರುವರಿಯಲ್ಲಿ ತ್ರಿಭುವನ್ ಮರಳಿ ಬಂದರು. ಅಂದರೆ ಪ್ರಜಾಪ್ರಭುತ್ವವೂ ರಾಜನೂ ಒಂದೇ ಮೆರವಣಿಗೆಯಲ್ಲಿ ಕಠ್ಮಂಡು ಹೊಕ್ಕರು. ಈ ಸಂಗತಿ ಗೊತ್ತಿಲ್ಲದಿದ್ದರೆ ಮುಂದಿನ ಅರ್ಧ ಶತಮಾನ ಅಲ್ಲಿನ ಪಕ್ಷಗಳು ರಾಜನನ್ನು ಪೂರ್ತಿ ಕೈಬಿಡಲು ಯಾಕೆ ಅಷ್ಟು ಹಿಂಜರಿದವು ಎಂಬುದು ಅರ್ಥವಾಗುವುದಿಲ್ಲ.

ಆ ಸ್ನೇಹವನ್ನು ಮೊದಲು ಮುರಿದವರು ತ್ರಿಭುವನ್ ಅವರ ಮಗ ಮಹೇಂದ್ರ. 1959ರ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾಗಿದ್ದ ಬಿ.ಪಿ. ಕೊಯಿರಾಲಾ ಅವರನ್ನು 1960ರ ಡಿಸೆಂಬರ್ 15ರಂದು ವಜಾ ಮಾಡಿ ಜೈಲಿಗೆ ಹಾಕಿದರು. ಪಕ್ಷಗಳನ್ನು ನಿಷೇಧಿಸಿ ಪಂಚಾಯತ್ ಎಂಬ ಹೆಸರಿನಲ್ಲಿ ಅರಮನೆಯ ಆಡಳಿತ ನಡೆಸಿದರು. ಅದು ಮೂವತ್ತು ವರ್ಷ ನಡೆಯಿತು. 1990ರಲ್ಲಿ ಗಣೇಶಮಾನ್ ಸಿಂಗ್ ಅವರ ಮುಂದಾಳತ್ವದಲ್ಲಿ ಕಾಂಗ್ರೆಸ್ ಮತ್ತು ಎಡಪಕ್ಷಗಳು ಒಂದಾಗಿ ಬೀದಿಗಿಳಿದವು. ಮಹೇಂದ್ರರ ಮಗ ಬೀರೇಂದ್ರ ಆಗ ದೊರೆ. ಏಪ್ರಿಲ್‌ನಲ್ಲಿ ಅರಮನೆಯತ್ತ ಹೊರಟ ಜನರ ಮೇಲೆ ಗುಂಡು ಹಾರಿ ಹೆಣ ಬಿದ್ದ ಎರಡು ದಿನದೊಳಗೆ ಅವರು ಪಕ್ಷಗಳ ಮೇಲಿನ ನಿಷೇಧ ತೆಗೆದರು. ಅದೇ ವರ್ಷ ನವೆಂಬರ್‌ನಲ್ಲಿ ಹೊಸ ಸಂವಿಧಾನ ಬಂತು. ಬೀರೇಂದ್ರ ಬಗ್ಗಿದರು, ಬಗ್ಗಿದ್ದರಿಂದ ಉಳಿದರು. ಜನ ಅವರನ್ನು ಕ್ಷಮಿಸಿದ್ದಷ್ಟೇ ಅಲ್ಲ, ಪ್ರೀತಿಸಿದರು. ಒಂದು ಕೊರತೆ ಮಾತ್ರ ಆ ಸಂವಿಧಾನದಲ್ಲಿ ಉಳಿದುಹೋಯಿತು: ಸೇನೆ ಚುನಾಯಿತ ಸರ್ಕಾರದ ಮಾತಿಗಿಂತ ಅರಮನೆಯ ಮಾತಿಗೇ ಹೆಚ್ಚು ಕಿವಿಗೊಡುವಂತೆ ಇತ್ತು.

ಮುಂದಿನ ಹತ್ತು ವರ್ಷ ಪಕ್ಷಗಳು ಜನರನ್ನು ನಿರಾಶೆಗೊಳಿಸಿದವು. ಸರ್ಕಾರಗಳು ಮೇಲಿಂದ ಮೇಲೆ ಬಿದ್ದವು. 1996ರ ಫೆಬ್ರುವರಿಯಲ್ಲಿ ರೋಲ್ಪಾ, ರುಕುಮ್‌ನಂಥ ಬಡ ಗುಡ್ಡಗಾಡು ಜಿಲ್ಲೆಗಳಲ್ಲಿ ಪ್ರಚಂಡ ಮತ್ತು ಬಾಬುರಾಂ ಭಟ್ಟರಾಯ್ ಮುಂದಾಳತ್ವದ ಮಾವೋವಾದಿಗಳು ಸಶಸ್ತ್ರ ಯುದ್ಧ ಶುರು ಮಾಡಿದರು. ಹತ್ತು ವರ್ಷದಲ್ಲಿ ಸುಮಾರು 17 ಸಾವಿರ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಎರಡೂ ಕಡೆಯ ಬಂದೂಕಿನ ನಡುವೆ ಬದುಕಲು ಹೆಣಗಿದ ಹಳ್ಳಿಯ ಬಡವರು, ಮತ್ತು ಆ ಹಳ್ಳಿಗಳಿಂದಲೇ ಹೋಗಿ ಪೊಲೀಸೋ ಸೈನಿಕನೋ ಕ್ರಾಂತಿಕಾರಿಯೋ ಆದ ಹುಡುಗ ಹುಡುಗಿಯರು. ಕ್ರಾಂತಿಯ ಕಥೆಯನ್ನು ರೋಮಾಂಚನದಿಂದ ಹೇಳುವವರು ಈ ಲೆಕ್ಕವನ್ನು ಮರೆಯಬಾರದು.

2001ರ ಜೂನ್ 1ರ ರಾತ್ರಿ ನಾರಾಯಣಹಿಟಿ ಅರಮನೆಯಲ್ಲಿ ನಡೆದದ್ದು ಎಲ್ಲವನ್ನೂ ಬದಲಿಸಿತು. ಕುಟುಂಬದ ಔತಣದ ನಡುವೆ ಗುಂಡು ಹಾರಿ ಬೀರೇಂದ್ರ, ರಾಣಿ ಐಶ್ವರ್ಯ, ಅವರ ಕಿರಿಯ ಮಗ, ಮಗಳು, ಬಂಧುಗಳು ಸತ್ತರು. ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದ ಯುವರಾಜ ದೀಪೇಂದ್ರರನ್ನೇ ದೊರೆಯೆಂದು ಸಾರಲಾಯಿತು. ಜೂನ್ 4ರಂದು ಅವರೂ ತೀರಿಕೊಂಡರು, ಅದೇ ದಿನ ಚಿಕ್ಕಪ್ಪ ಜ್ಞಾನೇಂದ್ರ ಪಟ್ಟಕ್ಕೇರಿದರು. ಸ್ವಯಂಚಾಲಿತ ಬಂದೂಕು ಆಕಸ್ಮಿಕವಾಗಿ ಸಿಡಿದದ್ದರಿಂದ ಈ ಸಾವುಗಳಾದವು ಎಂಬುದು ಅರಮನೆಯಿಂದ ಬಂದ ಮೊದಲ ವಿವರಣೆ. ನಂತರದ ತನಿಖಾ ಸಮಿತಿ ದೀಪೇಂದ್ರರೇ ಕೊಂದರೆಂದಿತು. ಜನ ಮೊದಲನೆಯದನ್ನು ನಂಬಲಿಲ್ಲ, ಎರಡನೆಯದನ್ನೂ ಪೂರ್ತಿ ನಂಬಲಿಲ್ಲ. ಜ್ಞಾನೇಂದ್ರ ಅಂದು ಪೋಖರಾದಲ್ಲಿದ್ದರು. ಔತಣದಲ್ಲಿದ್ದ ಅವರ ಪತ್ನಿ ಗಾಯಗೊಂಡರು, ಮಗ ಪಾರಸ್ ಪಾರಾದರು. ಜ್ಞಾನೇಂದ್ರರ ವಿರುದ್ಧ ಯಾವ ಪುರಾವೆಯೂ ಸಿಗಲಿಲ್ಲ. ಆದರೆ ಅರಸೊತ್ತಿಗೆ ಪುರಾವೆಯ ಮೇಲೆ ನಿಲ್ಲುವಂಥದ್ದಲ್ಲ, ನಂಬಿಕೆಯ ಮೇಲೆ ನಿಲ್ಲುವಂಥದ್ದು. ದೇವರ ಅಂಶವೆಂದು ಜನ ಕೈಮುಗಿಯುತ್ತಿದ್ದ ಗದ್ದುಗೆಯ ಸುತ್ತ ಶಂಕೆ ಸುತ್ತಿಕೊಂಡಿತು. ಪಟ್ಟಾಭಿಷೇಕದ ದಿನ ಕಠ್ಮಂಡುವಿನಲ್ಲಿ ಗಲಭೆಯಾಗಿ ಕರ್ಫ್ಯೂ ಹೇರಬೇಕಾಯಿತು.

ಇಂಥ ದೊರೆ ಎಚ್ಚರದಿಂದ, ಹಿಂದೆ ಸರಿದು ನಿಂತು ಆಳಬೇಕಿತ್ತು. ಜ್ಞಾನೇಂದ್ರ ತದ್ವಿರುದ್ಧ ದಾರಿ ಹಿಡಿದರು. 2002ರ ಅಕ್ಟೋಬರ್‌ನಲ್ಲಿ ಪ್ರಧಾನಿ ಶೇರ್ ಬಹಾದ್ದೂರ್ ದೇವುಬಾ ಅವರನ್ನು ವಜಾ ಮಾಡಿದರು, ಮತ್ತೆ ನೇಮಿಸಿದರು, 2005ರ ಫೆಬ್ರುವರಿ 1ರಂದು ಮತ್ತೆ ವಜಾ ಮಾಡಿ ಮಂತ್ರಿಮಂಡಲದ ಅಧ್ಯಕ್ಷತೆಯನ್ನು ತಾವೇ ವಹಿಸಿಕೊಂಡರು. ಉಪಾಧ್ಯಕ್ಷರಾಗಿ ತಂದೆಯ ಕಾಲದ ತುಳಸಿ ಗಿರಿ ಮತ್ತು ಕೀರ್ತಿನಿಧಿ ಬಿಷ್ಟ ಬಂದರು. ಆ ದಿನ ದೇಶದ ದೂರವಾಣಿ, ಮೊಬೈಲ್, ಇಂಟರ್ನೆಟ್ ಸತ್ತುಹೋದವು. ನಾಯಕರಿಗೆ ಗೃಹಬಂಧನವಾಯಿತು. ಪತ್ರಿಕಾ ಕಚೇರಿಗಳಲ್ಲಿ ಸೈನಿಕರು ಕೂತು ಸುದ್ದಿ ಓದಿ ಒಪ್ಪಿಗೆ ಕೊಡತೊಡಗಿದರು. ಎಫ್‌ಎಂ ಕೇಂದ್ರಗಳು ಹಾಡು ಹಾಕಬಹುದು, ಸುದ್ದಿ ಹೇಳಬಾರದು ಎಂದು ಆಜ್ಞೆಯಾಯಿತು. ಗುಡ್ಡದ ಹಳ್ಳಿಗಳಿಗೆ ರೇಡಿಯೋವೇ ಪತ್ರಿಕೆ, ರೇಡಿಯೋವೇ ಟಿ.ವಿ. ಅದನ್ನು ಮುಚ್ಚಿದ್ದು ಎಷ್ಟು ದೊಡ್ಡ ತಪ್ಪೆಂದು ಅರಮನೆಗೆ ತಡವಾಗಿ ತಿಳಿಯಿತು.

ಮೊದಲಿಗೆ ರಾಜಧಾನಿಯಲ್ಲಿ ದೊಡ್ಡ ಪ್ರತಿಭಟನೆ ಏಳಲಿಲ್ಲ. ಪಕ್ಷಗಳ ಜಗಳದಿಂದ ಬೇಸತ್ತವರು, ಯುದ್ಧ ನಿಂತರೆ ಸಾಕೆಂದವರು ಸುಮ್ಮನಿದ್ದು ನೋಡಿದರು. ಆದರೆ ಪ್ರಧಾನಿಯೇ ಇಲ್ಲದ ಸರ್ಕಾರದಲ್ಲಿ ಸಕ್ಕರೆಯ ಬೆಲೆ ಏರಿದರೂ ದೊರೆಯೇ ಹೊಣೆ, ಠಾಣೆಯ ಮೇಲೆ ದಾಳಿಯಾದರೂ ದೊರೆಯೇ ಹೊಣೆ. ಹಿಂದೆ ಬೈಗುಳ ತಿನ್ನಲು ಮಂತ್ರಿಗಳಿದ್ದರು, ಪಕ್ಷಗಳಿದ್ದವು. ಈಗ ಜನರಿಗೂ ಅರಮನೆಗೂ ನಡುವೆ ಸೈನಿಕ ಬಿಟ್ಟರೆ ಯಾರೂ ಉಳಿಯಲಿಲ್ಲ. ಭಾರತ ಮತ್ತು ಬ್ರಿಟನ್ ಶಸ್ತ್ರ ಪೂರೈಕೆ ತಡೆಹಿಡಿದವು. ಅರಸರು ಕಟ್ಟಿದ್ದ ಭ್ರಷ್ಟಾಚಾರ ನಿಯಂತ್ರಣ ಆಯೋಗವನ್ನು, ದೇವುಬಾರನ್ನು ಜೈಲಿಗಟ್ಟಿದ್ದ ಆ ಆಯೋಗವನ್ನೇ, 2006ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅಸಾಂವಿಧಾನಿಕವೆಂದು ರದ್ದು ಮಾಡಿತು. ಅದೇ ತಿಂಗಳು ನಡೆಸಿದ ನಗರಸಭೆ ಚುನಾವಣೆಯಲ್ಲಿ ಎಷ್ಟೋ ಸ್ಥಾನಗಳಿಗೆ ಅಭ್ಯರ್ಥಿಗಳೇ ಸಿಗಲಿಲ್ಲ, ಮತ ಹಾಕಿದವರು ಶೇಕಡಾ 20ರ ಆಸುಪಾಸು.

ಎಲ್ಲಕ್ಕಿಂತ ದೊಡ್ಡ ಪರಿಣಾಮ ದೆಹಲಿಯಲ್ಲಿ ಕಾಣಿಸಿತು. ಹತ್ತು ವರ್ಷ ಒಬ್ಬರನ್ನೊಬ್ಬರು ಕೊಂದ ಬಣಗಳು ಅಲ್ಲಿ ಎದುರುಬದುರು ಕೂತವು. ಏಳು ಪಕ್ಷಗಳ ಒಕ್ಕೂಟಕ್ಕೆ ಜಗತ್ತಿನ ಮನ್ನಣೆಯಿತ್ತು, ಪಟ್ಟಣಗಳಲ್ಲಿ ಕಾರ್ಯಕರ್ತರಿದ್ದರು, ಆದರೆ ಜನರಲ್ಲಿ ಅವುಗಳ ಮೇಲಿನ ವಿಶ್ವಾಸ ತೆಳುವಾಗಿತ್ತು. ಮಾವೋವಾದಿಗಳಿಗೆ ಹಳ್ಳಿಗಳ ಮೇಲೆ ಹಿಡಿತವಿತ್ತು, ಬಂದೂಕಿತ್ತು, ಆದರೆ ಕಠ್ಮಂಡುವನ್ನು ಗೆಲ್ಲುವ ಶಕ್ತಿ ಇರಲಿಲ್ಲ. 2005ರ ನವೆಂಬರ್ 22ರ ಹನ್ನೆರಡು ಅಂಶಗಳ ಒಪ್ಪಂದದಲ್ಲಿ ಮಾವೋವಾದಿಗಳು ಬಹುಪಕ್ಷ ಪ್ರಜಾಪ್ರಭುತ್ವ ಒಪ್ಪಿದರು, ಪಕ್ಷಗಳು ಸಂವಿಧಾನ ಸಭೆಯ ಬೇಡಿಕೆ ಒಪ್ಪಿದವು. ನನ್ನ ಮಟ್ಟಿಗೆ ನೇಪಾಳದ ಕ್ರಾಂತಿಯ ನಿಜವಾದ ತಿರುವು ಇದೇ. ಅಲ್ಲಿಯವರೆಗೆ ದೊರೆ ಎರಡು ಬಣಗಳ ವೈರದ ಮೇಲೆ ಬದುಕಿದ್ದರು. ಇಬ್ಬರನ್ನೂ ಒಂದೇ ಕಾಲಕ್ಕೆ ತುಳಿದು ಇಬ್ಬರನ್ನೂ ಒಂದು ಮಾಡಿದರು.

2006ರ ಏಪ್ರಿಲ್ 6ರಿಂದ ನಾಲ್ಕು ದಿನ ಬಂದ್ ಎಂದು ಏಳು ಪಕ್ಷಗಳು ಕರೆ ಕೊಟ್ಟವು. ಮಾವೋವಾದಿಗಳು ಕಣಿವೆಯಲ್ಲಿ ಕದನವಿರಾಮ ಸಾರಿದರು. ಆ ಒಂದು ತೀರ್ಮಾನದಿಂದ ಪ್ರತಿಭಟನಕಾರರನ್ನು ಭಯೋತ್ಪಾದಕರೆಂದು ಕರೆದು ಗುಂಡಿಕ್ಕುವ ನೆಪ ಅರಮನೆಗೆ ಕೈತಪ್ಪಿತು. ನಾಲ್ಕು ದಿನ ಮುಗಿದರೂ ಬಂದ್ ನಿಲ್ಲಲಿಲ್ಲ. ಹಗಲು ಕರ್ಫ್ಯೂ ಬಂತು, ಕಂಡಲ್ಲಿ ಗುಂಡಿಕ್ಕುವ ಆಜ್ಞೆ ಬಂತು. ಕಠ್ಮಂಡುವಿನ ಸುತ್ತ 27 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯಿದೆ. ಒಳಗೆ ಕರ್ಫ್ಯೂ ಇದ್ದುದರಿಂದ ಜನ ಅದರ ಅಂಚಿನಲ್ಲಿ, ಕಲಂಕಿ, ಗೋಂಗಬು, ಬಲ್ಖುವಿನಲ್ಲಿ, ಸೇರತೊಡಗಿದರು. ಕೀರ್ತಿಪುರದಂಥ ಹಳೆಯ ಊರುಗಳಿಂದ, ಪಕ್ಕದ ಜಿಲ್ಲೆಗಳಿಂದ ನಡೆದು ಬಂದರು. ಹೆದ್ದಾರಿಯಲ್ಲಿ ಲಾರಿಗಳು ನಿಂತು ತರಕಾರಿ, ಸೀಮೆಎಣ್ಣೆ ಸಿಗದಾದವು. ಆ ಸಂಕಟಕ್ಕೆ ಜನ ದೂರಿದ್ದು ಬಂದ್ ಮಾಡಿದವರನ್ನಲ್ಲ, ದೊರೆಯನ್ನು. ಶ್ರೀ 5 ಎಂದು ಐದು ಸಲ ಶ್ರೀಕಾರ ಹಾಕಿ ಹೇಳಬೇಕಾಗಿದ್ದ ಹೆಸರನ್ನು ಈಗ ಹುಡುಗರು ‘ಜ್ಞಾನೇ ಚೋರ್, ದೇಶ್ ಛೋಡ್’ ಎಂದು ಹಾಡುಹಗಲಲ್ಲಿ ಕೂಗಿದರು.

ಆ ದಿನಗಳ ಸುದ್ದಿಯಲ್ಲಿ ನನ್ನನ್ನು ಬಹಳ ಕಾಡುವುದು ಗುಂಪಿನ ಗಾತ್ರಕ್ಕಿಂತ ಹೆಚ್ಚಾಗಿ, ಅದರಲ್ಲಿ ಯಾರಿದ್ದರು ಎಂಬುದು. ಕರಿಕೋಟು ತೊಟ್ಟ ವಕೀಲರು, ಬಿಳಿಕೋಟಿನ ವೈದ್ಯರು, ಪ್ರಾಧ್ಯಾಪಕರು ಬಂದರು. ನೇಪಾಳ ರಾಷ್ಟ್ರ ಬ್ಯಾಂಕಿನ ನೌಕರರು ಬಂದರು. ಕೊನೆಗೆ ಗೃಹ ಇಲಾಖೆಯ ಗುಮಾಸ್ತರೇ ಪ್ರತಿಭಟನೆಗಿಳಿದು ಬಂಧನಕ್ಕೊಳಗಾದರು. ಕರ್ಫ್ಯೂ ಆದೇಶ ಹೊರಡುವ ಇಲಾಖೆ ಅದು. ಆದೇಶವನ್ನು ಟೈಪು ಮಾಡಿ, ಮೊಹರು ಹಾಕಿ, ಜಿಲ್ಲೆಗೆ ಕಳಿಸುವ ಕೈಗಳು ಅರಸರ ಮಾತು ಕೇಳುವುದನ್ನು ನಿಲ್ಲಿಸಿದ ಮೇಲೆ ಅರಸರಿಗೆ ಉಳಿದದ್ದು ಬಂದೂಕೊಂದೇ. ಬಂದೂಕಿನಿಂದ ಬೀದಿ ಖಾಲಿ ಮಾಡಿಸಬಹುದು, ಕಚೇರಿ ನಡೆಸಲಾಗದು.

ಏಪ್ರಿಲ್ 20ರಂದು ಕಲಂಕಿಯಲ್ಲಿ ಗುಂಡಿಗೆ ಮತ್ತೆ ಜನ ಸತ್ತರು. ಭಾರತದ ದೂತರಾಗಿ ಕರಣ್ ಸಿಂಗ್ ಆಗಲೇ ಬಂದು ದೊರೆಯನ್ನು ಕಂಡಿದ್ದರು. ಮರುದಿನ ಸಂಜೆ ಜ್ಞಾನೇಂದ್ರ ಟಿ.ವಿ.ಯಲ್ಲಿ ಬಂದು, ಏಳು ಪಕ್ಷಗಳು ಪ್ರಧಾನಿಯ ಹೆಸರು ಸೂಚಿಸಲಿ ಎಂದರು. ದೆಹಲಿ, ವಾಷಿಂಗ್ಟನ್, ಯುರೋಪು ಇದನ್ನು ಸ್ವಾಗತಿಸಿದವು. ಬೀದಿ ಒಪ್ಪಲಿಲ್ಲ. ಒಂದು ವರ್ಷದ ಹಿಂದೆ ಇದೇ ಮಾತು ಬಂದಿದ್ದರೆ ದೊರೆಗೆ ಜಯಕಾರ ಬೀಳುತ್ತಿತ್ತು. ಮರುದಿನ ಕರ್ಫ್ಯೂ ಮುರಿದು ಹಿಂದೆಂದೂ ಸೇರದಷ್ಟು ಜನ ನಗರದ ಒಳಕ್ಕೇ ನುಗ್ಗಿದರು. ನಾಯಕರು ಒಪ್ಪಿಕೊಳ್ಳಬಹುದಾಗಿದ್ದ ಕೊಡುಗೆಯನ್ನು ಜನ ಒಪ್ಪಗೊಡಲಿಲ್ಲ. ಆ ದಿನವೇ ದೆಹಲಿಯ ವಿದೇಶಾಂಗ ಕಾರ್ಯದರ್ಶಿ ಶ್ಯಾಮ್ ಸರಣ್ ಮಾತು ತಿದ್ದಿ, ನೇಪಾಳದ ಜನರ ಇಚ್ಛೆಯೇ ಮುಖ್ಯವೆಂದು ವಿವರಿಸಬೇಕಾಯಿತು. ಏಪ್ರಿಲ್ 25ಕ್ಕೆ ವರ್ತುಲ ರಸ್ತೆಯುದ್ದಕ್ಕೂ ಲಕ್ಷಾಂತರ ಜನ ಸೇರುವ ಸಿದ್ಧತೆ ನಡೆದಿತ್ತು. ಅದರ ಹಿಂದಿನ ರಾತ್ರಿ ಹನ್ನೊಂದೂವರೆಗೆ ಅರಸರು ಮತ್ತೆ ಟಿ.ವಿ.ಯಲ್ಲಿ ಕಾಣಿಸಿಕೊಂಡು, 2002ರಲ್ಲಿ ವಿಸರ್ಜಿಸಿದ್ದ ಸಂಸತ್ತನ್ನು ಮರುಸ್ಥಾಪಿಸಿದ್ದೇನೆ ಎಂದರು. ಜನ ನಡುರಾತ್ರಿ ಬೀದಿಗೆ ಬಂದು ಕುಣಿದರು. ಹತ್ತೊಂಬತ್ತು ದಿನದಲ್ಲಿ ಸತ್ತವರು ಇಪ್ಪತ್ತರ ಆಸುಪಾಸು, ಗಾಯಗೊಂಡವರು ಸಾವಿರಾರು.

ಸೇನೆ ಏನು ಮಾಡಿತು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ರಷ್ಯಾದಲ್ಲಿ 1917ರಲ್ಲಿ ಪೆಟ್ರೋಗ್ರಾಡಿನ ಸೈನಿಕರು ದಂಗೆಯೆದ್ದು ಜನರ ಜೊತೆ ಸೇರಿದ್ದರಿಂದ ಝಾರ್ ನಿಕೋಲಸ್ ಕೆಳಗಿಳಿದರು. ಇರಾನಿನಲ್ಲಿ 1979ರ ಫೆಬ್ರುವರಿ 11ರಂದು ಸೇನೆ ತಾನು ತಟಸ್ಥ ಎಂದು ಸಾರಿದೊಡನೆ ಶಾಹನ ಸರ್ಕಾರ ಮುಗಿಯಿತು. ನೇಪಾಳದಲ್ಲಿ ಇವೆರಡೂ ಆಗಲಿಲ್ಲ. ಸೇನೆ ಕೊನೆಯವರೆಗೂ ದೊರೆಯ ಸೇನೆಯಾಗಿಯೇ ಉಳಿಯಿತು. ದೊಡ್ಡ ಹತ್ಯಾಕಾಂಡಕ್ಕೆ ಮಾತ್ರ ಇಳಿಯಲಿಲ್ಲ. ಹಾಗಾಗಿ ಗದ್ದುಗೆ ಒಂದೇ ರಾತ್ರಿಯಲ್ಲಿ ಉರುಳದೆ, ಕಾನೂನಿನ ಮೂಲಕ ಒಂದೊಂದಾಗಿ ಬಿಚ್ಚಿಕೊಂಡಿತು.

ಈ ಬಿಚ್ಚುವ ಕೆಲಸ ಸುದ್ದಿಯಾಗುವುದು ಕಡಿಮೆ, ಆದರೆ ಕ್ರಾಂತಿಯ ಅರ್ಧ ಭಾಗ ಅದೇ. ಎಂಬತ್ತು ದಾಟಿದ್ದ, ಆರೋಗ್ಯ ಕೆಟ್ಟಿದ್ದ ಗಿರಿಜಾ ಪ್ರಸಾದ್ ಕೊಯಿರಾಲಾ ಏಪ್ರಿಲ್ 30ರಂದು ಪ್ರಧಾನಿಯಾದರು. ಮೇ 18ರಂದು ಸಂಸತ್ತು ಒಂದು ಘೋಷಣೆ ಹೊರಡಿಸಿತು. ‘ಶ್ರೀ 5ರ ಸರ್ಕಾರ’ ಇನ್ನು ಮುಂದೆ ನೇಪಾಳ ಸರ್ಕಾರ, ಶಾಹಿ ಸೇನೆ ನೇಪಾಳಿ ಸೇನೆ, ದೊರೆಯ ಆಸ್ತಿಗೆ ತೆರಿಗೆ, ದೊರೆಯ ಕೃತ್ಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ದೇಶ ಹಿಂದೂ ರಾಷ್ಟ್ರವಲ್ಲ, ಜಾತ್ಯತೀತ. ನವೆಂಬರ್‌ನಲ್ಲಿ ಶಾಂತಿ ಒಪ್ಪಂದವಾಗಿ ಯುದ್ಧ ನಿಂತಿತು. ಮರುವರ್ಷ ರಾಷ್ಟ್ರಗೀತೆ ಬದಲಾಯಿತು. ನೋಟಿನ ಮೇಲೆ ದೊರೆಯ ಮುಖದ ಜಾಗಕ್ಕೆ ಎವರೆಸ್ಟ್ ಶಿಖರ ಬಂತು. ಕಾಗದದೊಳಗಿನ ಜಲಚಿಹ್ನೆಯಲ್ಲಿ ಆಗಲೇ ಮೂಡಿದ್ದ ದೊರೆಯ ಮುಖವನ್ನು ಮುಚ್ಚಲು ಅದರ ಮೇಲೆ ಲಾಲಿಗುರಾಂಸ್ ಹೂವಿನ ಚಿತ್ರ ಅಚ್ಚು ಹಾಕಿದರು. ದೊರೆ ಕೂರುತ್ತಿದ್ದ ಜಾತ್ರೆಗಳಲ್ಲಿ ಪ್ರಧಾನಿ ಕೂತರು.

ಇಷ್ಟಾದರೂ ಅರಸೊತ್ತಿಗೆಗೆ ಒಂದು ಕಿಂಡಿ ತೆರೆದಿತ್ತು. ಕೊಯಿರಾಲಾ ಕೊನೆಯವರೆಗೂ ಅಲಂಕಾರಕ್ಕಾದರೂ ಒಬ್ಬ ರಾಜ ಇರಲಿ ಎಂದೇ ಬಯಸಿದ್ದರು. ಜ್ಞಾನೇಂದ್ರ ಮತ್ತು ಪಾರಸ್ ಪಟ್ಟ ತ್ಯಜಿಸಿದರೆ ಪುಟ್ಟ ಮೊಮ್ಮಗ ಹೃದಯೇಂದ್ರನನ್ನು ಗದ್ದುಗೆಗೆ ತರಬಹುದು ಎಂಬ ಸಲಹೆಯನ್ನು ಬಹಿರಂಗವಾಗಿ ಮುಂದಿಟ್ಟರು. ಅರಮನೆಯಿಂದ ಉತ್ತರ ಬರಲಿಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಮಾವೋವಾದಿಗಳು ಗಣರಾಜ್ಯ ಘೋಷಿಸಿ ಎಂದು ಹಟ ಹಿಡಿದು ಸರ್ಕಾರದಿಂದ ಹೊರಬಂದರು. ಡಿಸೆಂಬರ್‌ನಲ್ಲಿ ಉಳಿದ ಪಕ್ಷಗಳೂ ಒಪ್ಪಿದವು. 2008ರ ಏಪ್ರಿಲ್ ಚುನಾವಣೆಯಲ್ಲಿ ಚುನಾಯಿತ 575 ಸ್ಥಾನಗಳಲ್ಲಿ ಮಾವೋವಾದಿಗಳು 220 ಗೆದ್ದರು, ರಾಜನ ಪರ ಮತ ಕೇಳಿದ ಕಮಲ್ ಥಾಪಾ ಅವರ ಪಕ್ಷಕ್ಕೆ ಸಿಕ್ಕಿದ್ದು 4. ಮೇ 28ರ ರಾತ್ರಿ ಆ ನಾಲ್ಕೇ ಕೈಗಳು ದೊರೆಯ ಪರ ನಿಂತವು.

ನಮ್ಮ ಕರಾವಳಿಯವರಿಗೆ ಈ ಕಥೆಯ ಒಂದು ಅಧ್ಯಾಯ ನೆನಪಿರಬಹುದು. ಪಶುಪತಿನಾಥ ದೇವಸ್ಥಾನದ ಪೂಜೆ ತಲೆಮಾರುಗಳಿಂದ ದಕ್ಷಿಣ ಭಾರತದ ಭಟ್ಟರದ್ದು. ಈಚಿನ ಕಾಲದಲ್ಲಿ ಅವರು ಹೆಚ್ಚಾಗಿ ಕರ್ನಾಟಕದವರು. ದೊರೆ ತೀರಿಕೊಂಡರೆ ದೇಶವಿಡೀ ಸೂತಕ, ಆಗಲೂ ಪೂಜೆ ನಿಲ್ಲಬಾರದೆಂದು ಹೊರಗಿನವರನ್ನು ನೇಮಿಸುತ್ತಾರೆ ಎಂದು ಹೇಳುವುದುಂಟು. ದೊರೆಯೇ ಇಲ್ಲದ ಮೇಲೆ ಈ ಪದ್ಧತಿ ಯಾಕೆಂದು ಪ್ರಚಂಡರ ಸರ್ಕಾರ 2008ರ ಕೊನೆಗೆ ನೇಪಾಳಿ ಅರ್ಚಕರನ್ನು ನೇಮಿಸಿತು. ಸ್ಥಳೀಯ ಪರಿಚಾರಕರಾದ ಭಂಡಾರಿಗಳೇ ವಿರೋಧಿಸಿದರು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕೆಲವೇ ವಾರಗಳಲ್ಲಿ ಸರ್ಕಾರ ಹಿಂದೆ ಸರಿದು ಭಟ್ಟರೇ ಗರ್ಭಗುಡಿಗೆ ಮರಳಿದರು. ದೊರೆಯನ್ನು ಇಳಿಸಲು ಜನ ಕೊಟ್ಟ ಅಧಿಕಾರ ಗುಡಿಯ ಪದ್ಧತಿಯನ್ನು ಮುರಿಯಲು ಕೊಟ್ಟದ್ದಾಗಿರಲಿಲ್ಲ. ಅರಸ ಬೇರೆ, ತಾವು ನಂಬಿದ ದೇವರು ಬೇರೆ ಎಂದು ಅಲ್ಲಿನ ಜನ ಚೆನ್ನಾಗಿಯೇ ಬಿಡಿಸಿ ನೋಡಿದ್ದರು.

ಗಣರಾಜ್ಯ ಕೊಟ್ಟ ಮಾತನ್ನು ಉಳಿಸಿಕೊಂಡಿತೇ? ಪೂರ್ತಿ ಇಲ್ಲ. ಸಂವಿಧಾನ ಬರೆಯಲು 2015ರವರೆಗೆ ಎಳೆದರು. ದೇವುಬಾ, ಪ್ರಚಂಡ, ಕೆ.ಪಿ. ಓಲಿ ಸರದಿಯಲ್ಲಿ ಕುರ್ಚಿ ಹಂಚಿಕೊಂಡರು, ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಲಿಲ್ಲ. ಯುದ್ಧದಲ್ಲಿ ಕಾಣೆಯಾದ ಸಾವಿರಕ್ಕೂ ಹೆಚ್ಚು ಜನರ ಮನೆಯವರು ಈಗಲೂ ಉತ್ತರ ಕಾಯುತ್ತಿದ್ದಾರೆ. 2006ರ ಗೋಲಿಬಾರಿನ ತನಿಖೆ ನಡೆಸಿದ ಆಯೋಗ ದೊರೆಯನ್ನೂ ಹೊಣೆ ಮಾಡಿತು, ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಈ ಬೇಸರದಿಂದಲೇ 2025ರ ಮಾರ್ಚ್‌ನಲ್ಲಿ ಸಾವಿರಾರು ಜನ ಕಠ್ಮಂಡು ವಿಮಾನ ನಿಲ್ದಾಣಕ್ಕೆ ಹೋಗಿ ಜ್ಞಾನೇಂದ್ರರನ್ನು ಸ್ವಾಗತಿಸಿದರು. ರಾಜ ಮರಳಿ ಬರಲಿ ಎಂಬ ಕೂಗೆದ್ದಿತು. ಆ ಕೂಗಿನಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ಅದು ತೋರುವ ಮದ್ದನ್ನು ಮಾತ್ರ ಒಪ್ಪಲಾರೆ. ಕೆಟ್ಟ ಪ್ರಧಾನಿಯನ್ನು ಇಳಿಸುವ ದಾರಿ ಗಣರಾಜ್ಯದಲ್ಲಿ ಇದೆ. ಕೆಟ್ಟ ದೊರೆಯನ್ನು ಇಳಿಸಲು ನೇಪಾಳ ಎಷ್ಟು ಹೆಣ ಹೊರಬೇಕಾಯಿತು ಎಂಬುದನ್ನು ಮೇಲೆ ನೋಡಿದೆವು.

2025ರ ಸೆಪ್ಟೆಂಬರ್‌ನಲ್ಲಿ ಹೊಸ ತಲೆಮಾರಿನ ಹುಡುಗರು ಭ್ರಷ್ಟಾಚಾರ ಮತ್ತು ಸಾಮಾಜಿಕ ಜಾಲತಾಣಗಳ ನಿಷೇಧದ ವಿರುದ್ಧ ಸಿಡಿದೆದ್ದರು. ಗುಂಡು ಹಾರಿತು, ಸಂಸತ್ತು ಮತ್ತು ಸರ್ಕಾರದ ಆಡಳಿತ ಕೇಂದ್ರವಾದ ಸಿಂಹದರ್ಬಾರಿಗೆ ಬೆಂಕಿ ಬಿತ್ತು, 70ಕ್ಕೂ ಹೆಚ್ಚು ಜನ ಸತ್ತರು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಕೆಲವು ದಿನ ದೇಶಕ್ಕೆ ಸರ್ಕಾರವೇ ಇರಲಿಲ್ಲ. ಆಗಲೂ ಅಧಿಕಾರ ಮಾಜಿ ದೊರೆಯ ಮನೆಗೆ ಹೋಗಲಿಲ್ಲ. ಸೆಪ್ಟೆಂಬರ್ 12ರಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರಿಗೆ ರಾಷ್ಟ್ರಪತಿ ರಾಮಚಂದ್ರ ಪೌಡೆಲ್ ಮಧ್ಯಂತರ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದರು.